ಮೊದಲು ಮಗು ಮಾತಾಡಲಿ

ಶಾಲೆಯಲ್ಲಿ ಕುಂಟುವ ಕುರ್ಚಿ ಯಾವುದೆಂದು ಲೆಕ್ಕದ ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಬಿದ್ದಿದ್ದ ಅದನ್ನು ಬೆಳ್ಳಂಬೆಳಿಗ್ಗೆ ತಾನೇ ಹೊತ್ತು ತಂದು, ಶಾಲೆಯ ದೊಡ್ಡ ಹಾಲಿನಲ್ಲಿ ಕೊನೆಯ ಮೇಜಿನ ಹಿಂದೆ ಇಟ್ಟಳು. ಕೂತವನು ಸಂಜೆಯವರೆಗೆ ಟಕ್ ಟಕ್ ಎಂದು ಓಲಾಡುತ್ತಿರಲಿ. ಹೊಟ್ಟೆಯೊಳಗಿನ ಬೆಂಕಿ ಇಷ್ಟಕ್ಕೆಲ್ಲ ಆರುವುದಿಲ್ಲವೆಂದು ಅವಳಿಗೂ ಗೊತ್ತು. ಆದರೆ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.

ಅಂದು ಶಾಲೆಯಲ್ಲಿ 'ಮುಂದೇನು ದಿನ'. ಒಂಬತ್ತನೇ ಕ್ಲಾಸಿನ ಮಕ್ಕಳು ಅಪ್ಪ ಅಮ್ಮನನ್ನು ಕರೆದುಕೊಂಡು ಬಂದು, ಹತ್ತನೇ ಕ್ಲಾಸಿಗೆ ಹೇಗೆ ತಯಾರಾಗಬೇಕು, ಆಮೇಲೆ ಯಾವ ಕಾಲೇಜು, ಯಾವ ವಿಷಯ ಎಂದು ಮೇಜಿನಿಂದ ಮೇಜಿಗೆ ಹೋಗಿ ವಿಚಾರಿಸುವ ದಿನ. ಬೇರೆ ಬೇರೆ ಕಾಲೇಜಿನವರು ಬಂದು ಕೂರುತ್ತಾರೆ. ಈ ಸಲ ಬರುವವರಲ್ಲಿ ನಮ್ಮ ಹಳೆಯ ಬಯಾಲಜಿ ಸರ್ ಕೂಡ ಇದ್ದಾರೆ ಎಂದು ಹೆಡ್‌ಮಾಸ್ಟರು ಹೇಳಿದಾಗ, ಒಳ್ಳೆಯದಾಯಿತು, ಬರಲಿ ಎಂದಿದ್ದಳು. ಅವಳು ಅಷ್ಟು ನಯವಾಗಿ ಮಾತಾಡಿದರೆ ಹುಷಾರಾಗಿರಬೇಕೆಂದು ಹೆಡ್‌ಮಾಸ್ಟರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬಯಾಲಜಿ ಸರ್ ಮೂರು ವರ್ಷದ ಹಿಂದೆ ಇದೇ ಶಾಲೆಯಲ್ಲಿದ್ದವನು. ಈ 'ಮುಂದೇನು ದಿನ'ವನ್ನು ಅವಳ ಜೊತೆ ಸೇರಿ ಹುಟ್ಟುಹಾಕಿದವನು. ಮದುವೆ ಯಾವಾಗ ಎಂದು ಶಾಲೆಯ ಆಯಾ ಕೂಡ ಕೇಳುವಷ್ಟು ಅವಳ ಹಿಂದೆ ಮುಂದೆ ಸುಳಿದವನು. ಒಂದು ದಿನ ಹೇಳದೆ ಕೇಳದೆ ಬೇರೆ ಊರಿನ ಕಾಲೇಜಿಗೆ ಕೆಲಸಕ್ಕೆ ಸೇರಿ, ಫೋನ್ ನಂಬರನ್ನೂ ಬದಲಾಯಿಸಿಬಿಟ್ಟ. ಆಗಷ್ಟೇ ಅವಳಿಗೆ ದೂರದ ದೊಡ್ಡ ಯೂನಿವರ್ಸಿಟಿಯಲ್ಲಿ ರಿಸರ್ಚ್ ಮಾಡಲು ಸೀಟು ಸಿಕ್ಕಿತ್ತು. ಸುದ್ದಿಯನ್ನು ಅವನಿಗೂ ಹೇಳಿದ್ದಳು. ಹೋಗಲೋ ಬೇಡವೋ ಎಂದು ಅವನ ಜೊತೆ ಕೂತು ಮಾತಾಡೋಣವೆಂದು ಕಾದಿದ್ದಳು. ಸಿಗದ ನಂಬರಿಗೆ ಫೋನ್ ಮಾಡುತ್ತ, ಅಳುತ್ತ, ಜ್ವರ ಹಿಡಿದು ಮಲಗಿ ಏಳುವಷ್ಟರಲ್ಲಿ ಸೇರುವ ಗಡುವು ಮುಗಿದಿತ್ತು. ಹುಡುಗನೂ ಹೋದ, ಸೀಟೂ ಹೋಯಿತು.

ಅವತ್ತಿನಿಂದ ಅವಳಿಗೆ ಒಂದೇ ಆಸೆ. ಅವನನ್ನು ನಾಲ್ಕು ಜನರ ಎದುರು ಕೂರಿಸಿ, ಯಾಕೆ ಹೋದೆ ಎಂದು ಕೇಳಿ, ಉತ್ತರ ಸಿಗದೆ ಒದ್ದಾಡುವುದನ್ನು ಕಣ್ತುಂಬ ನೋಡಬೇಕು.

ಬಂದ. ಅದೇ ನಡಿಗೆ, ಮೊಣಕೈವರೆಗೆ ಮಡಚಿದ ಅದೇ ಅಂಗಿಯ ತೋಳು. ಕಿವಿಯ ಮೇಲೆ ಮಾತ್ರ ಒಂದೆರಡು ಬಿಳಿ ಕೂದಲು. ಅದನ್ನು ನೋಡಿ ಅವಳಿಗೆ ಖುಷಿಯಾಯಿತು. ಆಮೇಲೆ ಸಂಕಟವಾಯಿತು. ಸಂಕಟವಾಯಿತಲ್ಲ ಎಂದು ಮತ್ತೆ ಸಿಟ್ಟು ಬಂತು.

ಗೇಟಿನ ಹತ್ತಿರ ಅವಳನ್ನು ಕಂಡವನು ನಿಂತಲ್ಲೇ ನಿಂತುಬಿಟ್ಟ. ಮುಖದಲ್ಲಿ ರಕ್ತವಿರಲಿಲ್ಲ.

"ನೀವು... ನೀವಿನ್ನೂ ಇಲ್ಲೇ ಇದೀರಾ?"

"ಇಲ್ಲೇ ಇದೀನಿ ಸರ್. ನಾನು ಎಲ್ಲಿಗಾದ್ರೂ ಹೋದ್ರೆ ಹೇಳಿ ಹೋಗೋಳು."

ಹಾಗೆಂದು ಸರಸರನೆ ಒಳಗೆ ಬಂದಳು. ಎಲ್ಲರಿಗೂ ಚಹಾ ಹೋಗುವಾಗ, ಕೊನೆಯ ಮೇಜಿನವರಿಗೆ ಸಕ್ಕರೆ ಹಾಕಬೇಡಿ, ಅವರಿಗೆ ಆಗುವುದಿಲ್ಲ ಎಂದು ಆಯಾಗೆ ಹೇಳಿದಳು. ಚಹಾಕ್ಕೆ ಮೂರು ಚಮಚ ಸಕ್ಕರೆ ಸುರಿದುಕೊಳ್ಳುವ ಮನುಷ್ಯ ಅವನು. ಮೊದಲ ಗುಟುಕಿಗೇ ಅವನಿಗೆ ತಿಳಿಯಿತು, ಇದು ಯಾರ ಕೈವಾಡವೆಂದು. ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತ, ಒಂದು ತೊಟ್ಟೂ ಬಿಡದೆ ಕುಡಿದ. ಇನ್ನೊಂದು ಲೋಟ ಸಿಗುತ್ತದೆಯೇ ಎಂದೂ ಕೇಳಿದನಂತೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವನ ಮೇಜಿಗೆ ಬಂದವರಲ್ಲಿ 'ಪಟಾಕಿ' ಎಂದು ಟೀಚರುಗಳೆಲ್ಲ ಕರೆಯುವ ಹುಡುಗಿಯೂ, ಅವಳ ಅಪ್ಪನೂ ಇದ್ದರು. ಕ್ಲಾಸಿನಲ್ಲಿ ಬಾಯಿ ಮುಚ್ಚದ ಹುಡುಗಿ ಅಪ್ಪನ ಪಕ್ಕದಲ್ಲಿ ತುಟಿ ಪಿಟಕ್ ಎನ್ನದೆ ಕೂತಿದ್ದಳು. ಮಗಳು ಡಾಕ್ಟರಾಗುತ್ತಾಳೆ, ಅದೆಲ್ಲ ಮನೆಯಲ್ಲಿ ತೀರ್ಮಾನವಾಗಿದೆ, ಯಾವ ಟ್ಯೂಷನ್ನಿಗೆ ಹಾಕಬೇಕು ಅಷ್ಟು ಹೇಳಿ ಸಾಕು ಎಂದು ಅಪ್ಪ ಒಂದೇ ಉಸಿರಿಗೆ ಹೇಳುತ್ತಿದ್ದರು. ಬಯಾಲಜಿ ಸರ್ ಮೆಲ್ಲಗೆ ಕೈ ಅಡ್ಡ ಹಿಡಿದ.

"ಸ್ವಲ್ಪ ಇರಿ ಸರ್. ಮೊದಲು ಮಗು ಮಾತಾಡ್ಲಿ."

'ಮುಂದೇನು ದಿನ'ದ ಮೊದಲ ನಿಯಮ ಅದು. ಮಗು ತನಗೇನು ಬೇಕೆಂದು ಹೇಳುವ ಮೊದಲು ದೊಡ್ಡವರು ಬಾಯಿ ಬಿಡುವಂತಿಲ್ಲ. ಇದೇ ಹಾಲಿನಲ್ಲಿ ಅಕ್ಕಪಕ್ಕ ಕೂತು ಅವರಿಬ್ಬರೂ ಮಾಡಿದ ನಿಯಮ. ಹುಡುಗಿ ಅಪ್ಪನನ್ನೊಮ್ಮೆ ನೋಡಿ, ಹಡಗಿನ ಇಂಜಿನ್ ರಿಪೇರಿ ಕಲಿಯಬೇಕು ಎಂದಳು. ಅಪ್ಪ ಬೆಚ್ಚಿಬಿದ್ದರು. ಎರಡು ಮೇಜಿನಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ಲೆಕ್ಕದ ಮೇಡಂಗೆ ಕಣ್ಣು ಮಂಜಾಯಿತು. ಥೂ, ಇವನಿಗೋಸ್ಕರ ಇನ್ನೊಂದು ಹನಿಯೂ ಬೇಡ ಎಂದು ತನಗೇ ಬೈದುಕೊಂಡಳು.

ಮಧ್ಯಾಹ್ನ ಮಾಕ್ ಇಂಟರ್‌ವ್ಯೂ. ಕಾಲೇಜಿನಲ್ಲಿ ಹೇಗೆ ಪ್ರಶ್ನೆ ಕೇಳುತ್ತಾರೆ, ಹೇಗೆ ಉತ್ತರಿಸಬೇಕು ಎಂದು ಮಕ್ಕಳಿಗೆ ತೋರಿಸಲು ದೊಡ್ಡವರೊಬ್ಬರು ವೇದಿಕೆಯ ಮೇಲೆ ವಿದ್ಯಾರ್ಥಿಯಾಗಿ ಕೂರುತ್ತಾರೆ, ಟೀಚರೊಬ್ಬರು ಪ್ರಶ್ನೆ ಹಾಕುತ್ತಾರೆ. ಈ ಸಲ ವಿದ್ಯಾರ್ಥಿ ಬಯಾಲಜಿ ಸರ್ ಎಂದು ಲೆಕ್ಕದ ಮೇಡಂ ಮೈಕಿನಲ್ಲಿ ಹೇಳಿಬಿಟ್ಟಳು. ಹಾಲಿನ ತುಂಬ ಚಪ್ಪಾಳೆ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಕುಂಟು ಕುರ್ಚಿಯನ್ನೂ ವೇದಿಕೆಗೆ ತರಿಸಿದ್ದಳು.

ಮೊದಲು ಇಷ್ಟದ ವಿಷಯ, ಓದುವ ಅಭ್ಯಾಸ ಎಂದು ಲೋಕಾಭಿರಾಮವಾಗಿ ಕೇಳಿದಳು. ಅವನು ಮಕ್ಕಳು ನಗುವಂತೆ ಉತ್ತರಿಸಿದ. ಆಮೇಲೆ ಅವಳು ಮುಂದಕ್ಕೆ ಬಾಗಿ, ಅವನ ಕಣ್ಣಲ್ಲೇ ಕಣ್ಣಿಟ್ಟಳು.

"ಹಿಂದಿನ ಶಾಲೆಯನ್ನ ನಡುವೆಯೇ ಬಿಟ್ಟು ಹೋಗಿದೀರಲ್ಲ. ಯಾಕೆ?"

ಕುರ್ಚಿ ಟಕ್ ಎಂದಿತು. ಅವನು ಹಣೆ ಒರೆಸಿಕೊಂಡ. ಸುಳ್ಳು ಹೇಳುತ್ತಾನೆ, ಹೇಳಲಿ, ಅಲ್ಲೇ ಹಿಡಿದು ನೀರು ಕುಡಿಸುತ್ತೇನೆ ಎಂದು ಅವಳು ಕಾದಳು.

"ನನ್ನ ಜೊತೆಯವರೊಬ್ಬರಿಗೆ ದೊಡ್ಡ ಕಡೆ ಸೀಟ್ ಸಿಕ್ಕಿತ್ತು," ಎಂದ ಮೆಲ್ಲಗೆ. "ನನ್ನಿಂದಾಗಿ ಅವರು ಹೋಗದೆ ಉಳಿದುಬಿಡ್ತಾರೆ ಅನ್ನಿಸ್ತು. ನಾನಿಲ್ದಿದ್ರೆ ಹೋಗ್ತಾರೆ ಅಂತ ನಾನೇ ದೂರ ಆದೆ. ಅವರು ಹೋಗ್ಲೇ ಇಲ್ಲ ಅಂತ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ, ಗೇಟ್ ಹತ್ರ."

ಕಾರಣ ತಿಳಿದರೆ ಸಿಟ್ಟು ಇಳಿಯುತ್ತದೆ ಎನ್ನುವವರಿಗೆ ಲೆಕ್ಕದ ಮೇಡಂ ಪರಿಚಯವಿಲ್ಲ. ಅವಳ ಸಿಟ್ಟು ದುಪ್ಪಟ್ಟಾಯಿತು. ಬೇರೆ ಹುಡುಗಿ ಸಿಕ್ಕಿದ್ದಳು ಎಂದಿದ್ದರೆ ಎರಡು ಬೈದು ಮರೆಯಬಹುದಿತ್ತು. ಇವನು ತ್ಯಾಗ ಮಾಡಿದ್ದಾನೆ, ಅದೂ ಅವಳ ಬದುಕನ್ನು. ಬೈಯಲೆಂದು ಮೈಕನ್ನು ಹತ್ತಿರ ಎಳೆದುಕೊಂಡಳು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಪಟಾಕಿ ಕೈಯೆತ್ತಿ ಎದ್ದು ನಿಂತಳು.

"ಸರ್, ಹೋಗೋ ಮುಂಚೆ ಅವರನ್ನ ಒಂದು ಮಾತು ಕೇಳಿದ್ರಾ?"

"ಇಲ್ಲಮ್ಮ."

"ಮತ್ತೆ ಮೊದಲು ಮಗು ಮಾತಾಡ್ಲಿ ಅನ್ನೋದು ನಮ್ಮಪ್ಪಂಗೆ ಮಾತ್ರಾನಾ?"

ಹಾಲಿಗೆ ಹಾಲೇ ನಕ್ಕಿತು. ಹುಡುಗಿಯ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಅವನು ನಗಲಿಲ್ಲ. ತಲೆ ತಗ್ಗಿಸಿ, ತಪ್ಪಾಯಿತು ಎಂದ. ಮೈಕಿಗೆ ಅದು ಕೇಳಿಸಿತೋ ಇಲ್ಲವೋ, ಅವಳಿಗೆ ಕೇಳಿಸಿತು.

"ಸೀಟ್ ಇಲ್ಲ," ಎಂದು ಲೆಕ್ಕದ ಮೇಡಂ ತೀರ್ಪು ಕೊಟ್ಟಳು. ಸೇಡು ತೀರಿಸಿಕೊಂಡವರಿಗೆ ಆಮೇಲೆ ಎಲ್ಲವೂ ಸಪ್ಪೆ ಎನಿಸುತ್ತದೆ ಎನ್ನುತ್ತಾರೆ. ಸುಳ್ಳು. ಚೆನ್ನಾಗಿಯೇ ಇತ್ತು. ಆದರೆ ಸಾಲುತ್ತಿರಲಿಲ್ಲ.

ಸಂಜೆ ಜನವೆಲ್ಲ ಖಾಲಿಯಾದ ಮೇಲೆ ಅವನು ಹಾಲಿನಲ್ಲೇ ಉಳಿದು, ಯಾರೂ ಹೇಳದಿದ್ದರೂ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅವಳು ಬಂದು ಎದುರಿಗೆ ನಿಂತಳು. ನೀವಿಲ್ಲಿ ಇರುವುದಿಲ್ಲವೆಂದುಕೊಂಡೇ ಈ ಗೇಟು ದಾಟುವ ಧೈರ್ಯ ಮಾಡಿದೆ, ಈಗ ಏನು ಹೇಳಲಿ ಎಂದು ಅವನು ಶುರು ಮಾಡಿದ.

"ಏನೂ ಹೇಳ್ಬೇಡ. ಮೊದಲು ಮಗು ಮಾತಾಡ್ಲಿ. ಇವತ್ತು ಮಗು ನಾನು."

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಿತು. ಅವನ ಕಣ್ಣು ಮಿನುಗಿತು. ಅವಳು ನೋಡಿಯೂ ನೋಡದಂತೆ ಮುಂದುವರಿಸಿದಳು. ಈ ವರ್ಷ ಮತ್ತೆ ಪರೀಕ್ಷೆ ಬರೆದದ್ದು, ಅದೇ ಯೂನಿವರ್ಸಿಟಿಯಲ್ಲಿ ಮತ್ತೆ ಸೀಟು ಸಿಕ್ಕಿದ್ದು, ಮುಂದಿನ ತಿಂಗಳು ಹೊರಡುತ್ತಿರುವುದು. ಅಮ್ಮನನ್ನು ಬಿಟ್ಟರೆ ಯಾರಿಗೂ ಹೇಳಿರದ ಸುದ್ದಿ. ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ತುಂಬ ಒಳ್ಳೇದಾಯ್ತು. ಹಾಗಾದ್ರೆ ಇನ್ಮೇಲೆ ನಾನು ನಿನಗೆ ತೊಂದ್ರೆ ಕೊಡದೆ..."

"ನೋಡು, ಮತ್ತೆ ಶುರು ಹಚ್ಕೊಂಡೆ. ಬಾಯಿ ಮುಚ್ಚು."

ಮುಚ್ಚಿದ.

"ನಾನು ಹೋಗ್ತೀನಿ. ವಾಪಸ್ ಬರೋವರೆಗೆ ನೀನು ಕಾಯ್ತೀಯ. ದಿನಾ ಸಂಜೆ ಫೋನ್ ಮಾಡ್ತೀಯ. ಒಂದೊಂದು ಸಲ ನಾನು ಎತ್ತಲ್ಲ, ಬೇಕಂತಲೇ. ಬಂದ ಮೇಲೆ ಮದುವೆ."

"ನನ್ನ ಒಂದು ಮಾತು ಕೇಳಲ್ವಾ?"

"ಕೇಳಲ್ಲ. ನಿನ್ನ ವಿಷಯ ನಾನೇ ಡಿಸೈಡ್ ಮಾಡಿದೀನಿ, ನಿನ್ನ ಒಳ್ಳೇದಕ್ಕೆ. ಹೇಗನ್ಸುತ್ತೆ?"

ಅವನು ಹತ್ತಿರವಿದ್ದ ಕುರ್ಚಿಯಲ್ಲಿ ಕುಸಿದು ಕೂತ. ಅದು ಆ ಕುಂಟು ಕುರ್ಚಿಯೇ ಆಗಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ.

"ಕಷ್ಟ ಆಗುತ್ತೆ ಕಣೇ. ತುಂಬ ಕಷ್ಟ ಆಗುತ್ತೆ."

"ಆಗ್ಲಿ," ಎಂದಳು. ಮೂರು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು. ಮೇಜಿನ ಮೇಲೆ ಉಳಿದಿದ್ದ ಅವನ ಕಾಲೇಜಿನ ಬ್ರೋಷರನ್ನು ತೆಗೆದು ನಾಲ್ಕು ಮಡಿಕೆ ಮಾಡಿ, ಬಗ್ಗಿ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ತುರುಕಿದಳು. ಕುರ್ಚಿ ಅಲ್ಲಾಡುವುದು ನಿಂತಿತು. ಎದ್ದವಳು, ಕೂತಿರು, ಚಹಾ ತರುತ್ತೇನೆ ಎಂದು ಬಾಗಿಲ ಕಡೆ ಹೊರಟಳು.

"ಸಕ್ಕರೆ ಹಾಕ್ತೀಯ ತಾನೇ?" ಎಂದು ಅವನು ಹಿಂದಿನಿಂದ ಕೇಳಿದ.

"ಓದು ಮುಗಿಸಿ ಬಂದ ಮೇಲೆ," ಎಂದಳು ಲೆಕ್ಕದ ಮೇಡಂ.