ಬೆನ್ನ ಮೇಲೆ ಬರೆದ ಹೆಸರು

ಐರ್ಲೆಂಡಿನ ಕಾರ್ಕ್ ಊರಿನ ರಸ್ತೆಯಲ್ಲಿ ಜೊತೆಗೆ ಓಡುತ್ತಿದ್ದ ಅಜ್ಜಿಯೊಬ್ಬಳು ಪ್ರಣಿತಾಳ ಬೆನ್ನು ಸವರಿದಳು. "ಪಾಪ, ಸಾಗರ್ ತೀರಿಕೊಂಡು ಎಷ್ಟು ದಿನವಾಯಿತು ಮಗಳೇ?"

ಅಯ್ಯೋ ಶಿವನೇ! ಪ್ರಣಿತಾ ಗಕ್ಕನೆ ನಿಂತಳು.

ಕ್ಯಾನ್ಸರ್ ರೋಗಿಗಳ ನೆರವಿಗೆ ನಡೆದ ಹತ್ತು ಕಿಲೋಮೀಟರ್ ಓಟ ಅದು, ಅವಳ ಬದುಕಿನ ಮೊದಲ ಓಟ. ಬೆನ್ನಿಗೆ ಚುಚ್ಚಿಕೊಳ್ಳಲು ಕೊಟ್ಟ ಹಾಳೆಯಲ್ಲಿ 'ನಾನು ಓಡುವುದು ಇವರಿಗಾಗಿ' ಎಂದಿತ್ತು. ಉಳಿದವರು ಅಗಲಿದವರ ಹೆಸರು ಬರೆದಿದ್ದರು. ಸಿರಸಂಗಿಯಿಂದ ನರ್ಸ್ ಆಗಿ ಬಂದು ಎಂಟೇ ತಿಂಗಳಾದ ಈ ಪುಣ್ಯಾತ್ಗಿತ್ತಿಗೆ ಅದೆಲ್ಲಿ ಗೊತ್ತು? ಮನಸ್ಸಿನಲ್ಲಿದ್ದವನ ಹೆಸರನ್ನು ಇಷ್ಟು ದಪ್ಪಗೆ ಬರೆದುಬಿಟ್ಟಿದ್ದಳು.

ಸಾಗರ ಕಿತ್ತೂರಿನ ಹೈವೇ ಪಕ್ಕ ಟೈರ್ ಅಂಗಡಿ ಇಟ್ಟವನು, ಕಾಲೇಜಿನ ಗೆಳೆಯ. ಇವತ್ತೇ ರಾಮದುರ್ಗಕ್ಕೆ ಕನ್ಯಾ ನೋಡಲು ಹೊರಟಿದ್ದ. ಬೆಳಿಗ್ಗೆ ಫೋನಿನಲ್ಲಿ, "ಹೂಂ ಅನ್ಲೋ, ಬ್ಯಾಡ ಅನ್ಲೋ? ನೀನ ಹೇಳು" ಅಂದಿದ್ದ.

"ನಂಗೇನ್ ಕೇಳ್ತಿ? ನಿನ್ನ ಇಷ್ಟ" ಎಂದು ಫೋನಿಟ್ಟು, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

"ಸತ್ತಿಲ್ಲರೀ ಅವ! ಗುಂಡಕಲ್ಲಿನಂಗ ಅದಾನ!" ಗಾಬರಿಗೆ ಅಜ್ಜಿಯ ಮುಂದೆ ಕನ್ನಡವೇ ಬಾಯಿಗೆ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು.

ಅಜ್ಜಿ ನಕ್ಕಳು. ಅವಳ ಬೆನ್ನ ಮೇಲೆ ಗಂಡನ ಹೆಸರಿತ್ತು. "ನನಗೆ ಬರೆಯುವುದಷ್ಟೇ ಉಳಿದಿದೆ. ನಿನ್ನವನು ಇದ್ದಾನಲ್ಲ, ಬಾಯಿಬಿಟ್ಟು ಹೇಳು."

ಉಳಿದ ದೂರವನ್ನು ಪ್ರಣಿತಾ ಹೇಗೆ ಓಡಿದಳೋ, ಸಿರಸಂಗಿಯ ಕಾಳಮ್ಮನೇ ಬಲ್ಲಳು. ಗೆರೆ ದಾಟಿದ್ದೇ ತಡ, ವಿಡಿಯೋ ಕಾಲ್ ಮಾಡಿದಳು. ಇಸ್ತ್ರಿ ಅಂಗಿಯ ಸಾಗರ ಜೀಪಿನಲ್ಲಿದ್ದ.

"ಎಲ್ಲಿದ್ದಿ?"

"ಬೈಲಹೊಂಗಲ ದಾಟೇವಿ. ಯಾಕ, ಏನಾತು?"

ಪ್ರಣಿತಾ ತಿರುಗಿ ಬೆನ್ನು ತೋರಿಸಿದಳು.

"ಇಲ್ಲಿ ಎಲ್ಲಾರೂ ನೀ ಸತ್ತೀ ಅಂತ ತಿಳ್ಕೊಂಡಾರ" ಎಂದು ಬಿಕ್ಕಿದಳು.

"ಏ ಹುಚ್ಚಿ!" ಸಾಗರನ ಕಣ್ಣೂ ಒದ್ದೆಯಾಗಿತ್ತು, ಆದರೂ ತುಂಟತನ ಬಿಡಲಿಲ್ಲ. "ಬರದ್ರ ನಡ್ಯಂಗಿಲ್ಲ. ಒಡಪು ಹೇಳಿ ನನ್ನ ಹೆಸರು ತಗೊ."

ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನು ಪದ ಕಟ್ಟಿ ಹೇಳುವ ಒಡಪು! ಅದೂ ಬೆವರು ಸುರಿಯುವ ಮುಖದಲ್ಲಿ! ಅಷ್ಟರಲ್ಲಿ ಸ್ಟೇರಿಂಗ್ ಹಿಡಿದ ಅವನಪ್ಪ ಲಕ್ಷ್ಮಣ ಕಂಡ. ಇಷ್ಟು ದಿನ ಕಾಕಾ ಅನ್ನುತ್ತಿದ್ದವಳು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಹತ್ತು ಕಿಲೋಮೀಟರ್ ಓಡೀನಿ, ಕಾಲು ಬಿದ್ದು ಹೋಗ್ಯಾವ,
ಸಾಗರನ ಹೆಸರು ಹೇಳತೇನಿ, ಗಾಡಿ ಹೊಳ್ಳಸ್ರಿ ಮಾವ!"

ಜೀಪು ಗಕ್ಕನೆ ನಿಂತಿತು.

"ರಾಮದುರ್ಗದವ್ರಿಗೆ ನಾನ ಕೈ ಮುಗದು ಹೇಳತೇನಿ" ಎಂದ ಲಕ್ಷ್ಮಣ, ಜೀಪು ಹಿಂದಕ್ಕೆ ತಿರುಗಿಸುತ್ತಾ. "ನೀ ಮೊದಲ ನೀರು ಕುಡಿಯವಾ."