ಮುಂದಿನ ಸೀಟಿನ ದೊಡ್ಡಕ್ಕ

“ನಾನು ಇಳಿಯಲ್ಲ! ಯಾರು ಬಂದು ಏನೇ ಹೇಳಲಿ, ಈ ಸೀಟು ಬಿಟ್ಟು ನಾನು ಇಳಿಯಲ್ಲ!”

ಬೆಳಗಿನ ಏಳು ಗಂಟೆಗೆ ಇಡೀ ಬೀದಿಗೆ ಕೇಳುವ ಹಾಗೆ ದೊಡ್ಡಕ್ಕ ಕೂಗಿದಳು. ಆ ಕೂಗಿಗೆ ಸಿಸ್ಟರಮ್ಮನ ಕೈಯಲ್ಲಿದ್ದ ಫ್ಲಾಸ್ಕು ಜಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳುತ್ತಾ ಹೋಗಿ ಗೇಟಿಗೆ ಬಡಿದು ನಿಂತಿತು. ಗೇಟಿನಾಚೆ ಗಾಡಿ ಆಗಲೇ ಸ್ಟಾರ್ಟ್ ಆಗಿ ಗುರುಗುಡುತ್ತಿತ್ತು. ಸ್ಟಿಯರಿಂಗ್ ಹಿಡಿದಿದ್ದ ಗಂಡ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲಿ, ಸಿಸ್ಟರಮ್ಮ ಎಷ್ಟೋ ವರ್ಷಗಳಿಂದ ಕನಸಿನಲ್ಲಿ ಕೂತು ಬಂದಿದ್ದ ಆ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು, ಬೆಲ್ಟನ್ನೂ ಬಿಗಿದುಕೊಂಡು ಕೂತಿದ್ದಳು ಗಂಡನ ಅಕ್ಕ!

ಸಿಸ್ಟರಮ್ಮ ದೊಡ್ಡಾಸ್ಪತ್ರೆಯಲ್ಲಿ ಮೂವತ್ತಮೂರು ವರ್ಷ ನರ್ಸ್ ಆಗಿದ್ದವಳು. ಎರಡು ತಿಂಗಳ ಹಿಂದಷ್ಟೇ ನಿವೃತ್ತಿಯಾಗಿತ್ತು. ಗಂಡ ರೈಲು ಓಡಿಸುತ್ತಿದ್ದವನು, ಬೀದಿಯವರ ಬಾಯಲ್ಲಿ ರೈಲಪ್ಪ. ಅವಳು ಡ್ಯೂಟಿ ಮುಗಿಸಿ ಬಾಗಿಲು ತೆರೆಯುವ ಹೊತ್ತಿಗೆ ಅವನು ಟೋಪಿ ಹಾಕಿಕೊಂಡು ಹೊರಡುತ್ತಿದ್ದ. “ಹಾಲು ಕಾಯಿಸಿದೆ”, “ಮಗಳಿಗೆ ಜ್ವರ ಇಳಿದಿದೆ” ಎಂಬ ಚೀಟಿಗಳಲ್ಲೇ ಅವರ ಸಂಸಾರದ ಅರ್ಧ ಮಾತು ಮುಗಿದುಹೋಗಿತ್ತು. ಅವನು ಮೊದಲು ನಿವೃತ್ತನಾದ. ಹಳೆಯ ಮೋಟಾರ್‌ಹೋಮ್ ಒಂದನ್ನು ತಂದು ಹಿತ್ತಲಲ್ಲಿ ನಿಲ್ಲಿಸಿ, ಎಂಟು ತಿಂಗಳು ಅದಕ್ಕೇ ಅಂಟಿಕೊಂಡ. ಒಳಗೆ ಎರಡು ಒಲೆ, ಬಟ್ಟಲಿನಷ್ಟೇ ಅಗಲದ ಸಿಂಕು, ಮಡಚಿದರೆ ಹಾಸಿಗೆಯಾಗುವ ಮೇಜು, ಬೆನ್ನು ಮಾಡಿಯೇ ಒಳಹೋಗಬೇಕಾದ ಬಚ್ಚಲು. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಾನು ಮನೆಗೆ ಚಕ್ರವನ್ನೇ ಕಟ್ಟಿಬಿಟ್ಟೆ ನೋಡು!” ಎಂದು ಅವನು ಎದೆಯುಬ್ಬಿಸಿದಾಗ ಸಿಸ್ಟರಮ್ಮ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದ್ದಳು. ಬೇಸಿಗೆಯ ಆರು ವಾರ, ಬೆಟ್ಟ ದಾಟಿ ಸಮುದ್ರದವರೆಗೆ... ಅವರಿಬ್ಬರೇ!

ಈಗ ನೋಡಿದರೆ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ದೊಡ್ಡಕ್ಕ!

“ಅತ್ತಿಗೆ, ನಮ್ಮ ಮಗಳ ಮನೇಲಿ ನಿಮಗೋಸ್ಕರ ರೂಮು ಖಾಲಿ ಮಾಡಿದಾರೆ. ನೀವೇ ಹೂಂ ಅಂದಿದ್ರಿ...”

“ಈಗ ಊಹೂಂ ಅಂತಿದೀನಿ. ನಿನ್ನ ಗಂಡನ್ನ ಅವನ ಒಂಬತ್ತನೇ ವಯಸ್ಸಿನಿಂದ ಸಾಕಿದವಳು ನಾನು. ಅವನು ಹೋಗೋ ಗಾಡೀಲಿ ನನಗೊಂದು ಜಾಗ ಇಲ್ವಾ?”

ಆ ಲೆಕ್ಕ ಈ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ತಾಯಿ ಸತ್ತಾಗ ರೈಲಪ್ಪನಿಗೆ ಒಂಬತ್ತು, ದೊಡ್ಡಕ್ಕನಿಗೆ ಹತ್ತೊಂಬತ್ತು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿದು ಹೊಲಿದು ಅವಳು ತಮ್ಮನನ್ನು ಓದಿಸಿದಳು, ಮದುವೆ ಮಾಡಿದಳು, ತಾನು ಮಾತ್ರ ಆಗಲಿಲ್ಲ. ಅದರ ಬಡ್ಡಿಯೆಲ್ಲ ತನ್ನ ಮೇಲೇ ಬೀಳುತ್ತಿದೆ ಎಂದು ಸಿಸ್ಟರಮ್ಮನಿಗೆ ಎಷ್ಟು ಸಲ ಅನಿಸಿತ್ತೋ! ಸಾರು ತೆಳ್ಳಗಾದರೆ ಬೈಗುಳ, ಬಟ್ಟೆ ಒಣಗದಿದ್ದರೆ ಬೈಗುಳ. “ರೋಗಿಗಳಿಗೆ ಇರೋ ಮರ್ಯಾದೆ ಮನೆಯವರಿಗಿಲ್ಲ” ಎಂಬ ಮಾತಂತೂ ದಿನಕ್ಕೊಮ್ಮೆ. ಮೂವತ್ತೊಂದು ವರ್ಷ ಅವಳು ನುಂಗಿಕೊಂಡು ಬಂದಿದ್ದಳು.

“ಏನ್ರೀ, ನೀವಾದರೂ ಹೇಳಿ!” ಎಂದು ಗಂಡನ ಕಡೆ ತಿರುಗಿದಳು.

ಅವನು ತಲೆಯೆತ್ತಲಿಲ್ಲ. “ಬರಲಿ ಬಿಡೇ... ಅಕ್ಕಾನೂ ಬರಲಿ” ಎಂದ.

ಸಿಸ್ಟರಮ್ಮ ಉರುಳಿದ ಫ್ಲಾಸ್ಕನ್ನು ಎತ್ತಿಕೊಂಡಳು. ಹಿಂದಿನ ಬಾಗಿಲಿಂದ ಹತ್ತಿ ಮೇಜಿನ ಬಳಿ ಕೂತಳು. ಗಾಡಿ ಹೊರಟಿತು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ನಿಜ ಹೇಳಬೇಕೆಂದರೆ, ಬೀದಿಯ ತಿರುವು ದಾಟುತ್ತಲೇ ಎದೆ ಡವಡವ ಹೊಡೆದುಕೊಂಡದ್ದು ದುಃಖಕ್ಕಲ್ಲ! ಹಾಳಾದ್ದು, ಆ ಉತ್ಸಾಹ ಯಾರ ಮಾತನ್ನೂ ಕೇಳುವುದಿಲ್ಲ. ಪಾತ್ರೆಗಳು ಕಪಾಟಿನೊಳಗೆ ಕಿಣಿಕಿಣಿ ಎನ್ನುತ್ತಿದ್ದವು, ಕಿಟಕಿಯಲ್ಲಿ ಊರೆಲ್ಲ ಹಿಂದಕ್ಕೆ ಓಡುತ್ತಿತ್ತು. ಇಂದು ಯಾವ ವಾರ್ಡಿನಲ್ಲೂ ಯಾರೂ ಗಂಟೆ ಒತ್ತಿ ಅವಳನ್ನು ಕರೆಯುವಂತಿರಲಿಲ್ಲ!

ಮೂರು ದಿನ ಹೀಗೇ ಸಾಗಿತು. ಮೊದಲ ದಿನ ಗೋಧಿ ಹೊಲಗಳು, ಎರಡನೆಯ ದಿನ ಕೆರೆಯ ದಂಡೆಯಲ್ಲಿ ಮೊಟ್ಟೆ ಬೇಯಿಸಿಕೊಂಡು ತಿಂದ ಊಟ. ಮೂರನೆಯ ದಿನ ದೂರದಲ್ಲಿ ಬೆಟ್ಟದ ನೀಲಿ ಗೆರೆ ಕಂಡಾಗ ಸಿಸ್ಟರಮ್ಮ “ಅಗೋ, ಬೆಟ್ಟ!” ಎಂದು ಕೂಗಿ ಎದ್ದುನಿಂತು ತಲೆಯನ್ನು ಕಪಾಟಿಗೆ ಚಚ್ಚಿಕೊಂಡಳು. ರೈಲಪ್ಪ ನಕ್ಕೂ ನಕ್ಕೂ ಕೆಮ್ಮಿದ. ಆದರೆ ಮುಂದಿನ ಸೀಟಿನಿಂದ ಬರುತ್ತಿದ್ದ ಬೈಗುಳಕ್ಕೆ ಮಾತ್ರ ಬಿಡುವೇ ಇರಲಿಲ್ಲ.

“ಪಕ್ಕದಿಂದ ಲಾರಿ ಬರ್ತಿದೆ, ಕಣ್ಣು ಮನೇಲಿ ಬಿಟ್ಟು ಬಂದಿದೀಯಾ? ಒತ್ತು ಈ ಕಡೆ! ಅಲ್ಲಿ ಮುದುಕಿ ರಸ್ತೆ ದಾಟ್ತಿದಾಳೆ, ನಿಲ್ಲಿಸೋ ಮಹಾರಾಯ! ಇಷ್ಟು ವರ್ಷ ಹಳಿ ಮೇಲೆ ಓಡಿಸಿದೀಯ ಅಷ್ಟೇ, ತಿರುಗಿಸೋದು ಎಲ್ಲಿ ಬರಬೇಕು ನಿನಗೆ!”

ಬಾಯಿಗೆ ಬೀಗವಿಲ್ಲದ ಹೆಂಗಸು ಎಂದು ಸಿಸ್ಟರಮ್ಮ ಹಲ್ಲು ಕಚ್ಚಿಕೊಂಡಳು. ಅವನು ಒಂದಕ್ಕೂ ಎದುರಾಡದೆ, ಹೇಳಿದ ಕಡೆ ತಿರುಗಿಸುತ್ತಿದ್ದದ್ದು ಇನ್ನೂ ಉರಿ ತರಿಸುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ದೊಡ್ಡಕ್ಕನಿಗೆ ತಲೆ ಸಿಡಿಯಲು ಶುರುವಾಯಿತು. ಕಣ್ಣುಗಳು ಕೆಂಡದ ಹಾಗೆ ಕೆಂಪಾಗಿದ್ದವು. ಸಿಸ್ಟರಮ್ಮ ಮಾತ್ರೆ ಕೊಟ್ಟು, “ಹಿಂದೆ ಮಲಗಿ ಅತ್ತಿಗೆ” ಎಂದಳು.

“ಮಲಗ್ತೀನಿ, ಆದ್ರೆ ಗಾಡಿ ನಿಲ್ಸು. ನಾನು ಏಳೋವರೆಗೆ ಹೊರಡಬೇಡಿ.”

“ಹೂಂ, ಹೂಂ” ಎಂದಳು ಸಿಸ್ಟರಮ್ಮ.

ಮಾತ್ರೆಯ ಮಂಪರಿಗೆ ಅವಳು ನಿದ್ದೆ ಹೋದದ್ದೇ ತಡ, ಸಿಸ್ಟರಮ್ಮ ಕಳ್ಳಹೆಜ್ಜೆ ಇಟ್ಟು ಮುಂದೆ ಬಂದು ಆ ಸೀಟಿನಲ್ಲಿ ಕೂತಳು. “ಹೊರಡಿ!” ಎಂದು ಪಿಸುಗುಟ್ಟಿದಳು. ಅವನು ಹಿಂದುಮುಂದು ನೋಡಿದ. ಅವಳ ಮುಖದಲ್ಲಿದ್ದ ಸಂಭ್ರಮ ನೋಡಿ ಇಲ್ಲವೆನ್ನಲಾರದೆ ಕೀಲಿ ತಿರುಗಿಸಿದ.

ಆಹಾ! ಎಂಥ ರಸ್ತೆ! ಎರಡೂ ಕಡೆ ಮೊಣಕಾಲೆತ್ತರದ ಹಳದಿ ಹೂವು, ಎದುರಿಗೆ ಬೆಟ್ಟದ ಸಂದು. “ಆ ಸಂದು ದಾಟಿದರೆ ಇಳಿಜಾರು, ಆಮೇಲೆ ಸಮುದ್ರ! ಹೋದ ತಕ್ಷಣ ನೀರಿಗೆ ಇಳಿಯೋದೇ, ಊಟಾನೂ ಬೇಡ, ಏನೂ ಬೇಡ! ನೀವು ಪ್ಯಾಂಟು ಮಡಚಿಕೊಂಡು...” ಎನ್ನುತ್ತಿದ್ದವಳು ಥಟ್ಟನೆ ಪಕ್ಕಕ್ಕೆ ನೋಡಿದಳು. ಪಕ್ಕದ ಓಣಿಯಿಂದ ಸೈಕಲ್ಲೊಂದು ಬರುತ್ತಿತ್ತು. ಅವನಿಗೂ ಕಂಡಿರಬೇಕು, ಇನ್ನೇನು ಬ್ರೇಕ್ ಹಾಕುತ್ತಾನೆ... ಹಾಕಲಿಲ್ಲ!

“ರೀ... ಸೈಕಲ್! ನಿಲ್ಸೀ!”

ಟೈರು ಕಿರುಚಿತು. ಹಿಂದೆ ಪಾತ್ರೆಗಳೆಲ್ಲ ನೆಲಕ್ಕೆ ಸುರಿದವು. ಸೈಕಲ್ ಮೇಲಿದ್ದವಳು ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿ ಹುಲ್ಲಿನ ಮೇಲೆ ಬಿದ್ದಳು. ಅಂಚೆ ಹಂಚುವ ಹೆಂಗಸು. ಚೀಲದ ಕಾಗದಗಳು ಹೂವಿನ ತುಂಬ ಹಾರಿದವು.

ಸಿಸ್ಟರಮ್ಮ ಜಿಗಿದು ಓಡಿದಳು. ಪುಣ್ಯಕ್ಕೆ ಮಂಡಿ ತರಚಿತ್ತು, ಅಷ್ಟೇ. “ರಸ್ತೆ ಏನು ನಿಮ್ಮ ಮನೆ ಹಜಾರಾನಾ ಯಜಮಾನ್ರೇ? ಅಷ್ಟು ದೂರದಿಂದ ಗಂಟೆ ಹೊಡ್ಕೊಂಡು ಬಂದೆ!” ಎಂದು ಆಕೆ ಬಯ್ಯುತ್ತಲೇ ಇದ್ದಳು, ಸಿಸ್ಟರಮ್ಮ ಗಾಯ ತೊಳೆದು ಪಟ್ಟಿ ಕಟ್ಟಿದಳು, ಬಗ್ಗಿ ಬಗ್ಗಿ ಕಾಗದಗಳನ್ನು ಆರಿಸಿಕೊಟ್ಟಳು, ಕೈ ಹಿಡಿದು ಕ್ಷಮೆ ಕೇಳಿದಳು. ಆಕೆ ಸೈಕಲ್ ಹತ್ತಿ ಹೋದಳು.

ಅಷ್ಟರಲ್ಲಿ ಕೂದಲು ಕೆದರಿಕೊಂಡು ದೊಡ್ಡಕ್ಕ ಗಾಡಿಯಿಂದ ಇಳಿದಳು. ತಮ್ಮನ ಭುಜ ಹಿಡಿದು ಅಲ್ಲಾಡಿಸಿದಳು. “ಅಯ್ಯೋ ಪಾಪಿ! ನಾನು ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಒಂದು ಜೀವ ತೆಗೀತಿದ್ದೆಯಲ್ಲೋ! ಹೊರಡಬೇಡ ಅಂತ ಹೇಳಿರಲಿಲ್ವೇನೋ?”

ಸಿಸ್ಟರಮ್ಮ ಇಬ್ಬರನ್ನೂ ನೋಡಿದಳು. ಮೂವತ್ತಮೂರು ವರ್ಷದ ನರ್ಸು ಅವಳೊಳಗೆ ಎದ್ದು ನಿಂತಳು.

“ರೀ, ಇಲ್ಲಿ ಬನ್ನಿ. ನನ್ನ ಮೂಗನ್ನೇ ನೋಡಿ. ಆಚೀಚೆ ನೋಡಬಾರದು. ಬೆರಳು ಕಂಡಾಗ ಹೇಳಿ.”

ಅವನ ಕಿವಿಯ ಪಕ್ಕದಿಂದ ಬೆರಳನ್ನು ಮೆಲ್ಲಗೆ ಮುಂದಕ್ಕೆ ತಂದಳು. ಅವನು ಸುಮ್ಮನಿದ್ದ. ಕೆನ್ನೆ ದಾಟಿತು... ಸುಮ್ಮನಿದ್ದ. ಕಣ್ಣಿನ ಅಂಚು ದಾಟಿತು... ಆಗಲೂ ಸುಮ್ಮನಿದ್ದ. ಬೆರಳು ಹೆಚ್ಚುಕಡಿಮೆ ಅವಳ ಮೂಗಿನ ನೇರಕ್ಕೆ ಬಂದಾಗ, “ಈಗ” ಎಂದ.

ಅವಳು ಬೆರಳು ಕೆಳಗಿಳಿಸಿದಳು.

“ಎಷ್ಟು ದಿನದಿಂದ?”

“ಡಾಕ್ಟರು ಹೇಳಿ ಮೂರು ತಿಂಗಳಾಯ್ತು. ಕಣ್ಣಿನ ಒತ್ತಡ. ಪಕ್ಕದ್ದೆಲ್ಲ ಹೋಗಿದೆ, ಅದು ವಾಪಸ್ ಬರಲ್ಲ. ಸುರಂಗದೊಳಗಿಂದ ನೋಡಿದ ಹಾಗೆ ನೇರಕ್ಕೆ ಮಾತ್ರ ಕಾಣುತ್ತೆ. ಔಷಧಿ ಬಿಡ್ತಾ ಇದ್ರೆ ಇರೋದು ಉಳೀಬಹುದು ಅಂದ್ರು.” ಅವನು ಗಾಡಿಗೆ ಒರಗಿ ನೆಲಕ್ಕೆ ಕುಸಿದ. “ಗಾಡಿ ಮುಟ್ಟಬೇಡ ಅಂತಾನೂ ಅಂದ್ರು...”

“ನನಗೆ ಯಾಕೆ ಹೇಳಲಿಲ್ಲ? ಕಂಡೋರ ಕಣ್ಣಿಗೆಲ್ಲ ಔಷಧಿ ಬಿಟ್ಟವಳು ನಾನು, ನನ್ನ ಗಂಡನ ಕಣ್ಣು ನನಗೆ ಕಾಣಲಿಲ್ಲ! ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಪ್ರವಾಸ ಬೇಡ ಅಂತಿದ್ದೆ. ಮಾರನೇ ದಿನದಿಂದ ನನಗೆ ನರ್ಸ್ ಆಗ್ತಿದ್ದೆ. ಜೀವಮಾನವೆಲ್ಲ ದುಡಿದು ಈಗಷ್ಟೇ ಕೂತವಳನ್ನ ಮತ್ತೆ ಡ್ಯೂಟಿಗೆ ಹಾಕೋಕೆ... ನನ್ನ ಕೈಲಿ ಆಗಲಿಲ್ಲ ಕಣೇ!” ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. “ಕಣ್ಣಿರೋವಾಗ ಒಂದ್ಸಲ, ಒಂದೇ ಒಂದ್ಸಲ ನಿನ್ನ ಜೊತೆ ಸಮುದ್ರ ನೋಡಬೇಕು ಅನ್ನಿಸ್ತು.”

“ಆಸ್ಪತ್ರೆಗೆ ನಾನೇ ಜೊತೆಗೆ ಹೋಗಿದ್ದೆ” ಎಂದಳು ದೊಡ್ಡಕ್ಕ. ಅವಳ ದನಿಯಲ್ಲಿ ಮೊದಲ ಸಲ ಮುಳ್ಳಿರಲಿಲ್ಲ. “ಬೇಡ ಅಂತ ಕಾಲು ಹಿಡಿದೆ. ಕೇಳಲಿಲ್ಲ, ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡ. ಇವನಿಗೆ ಕಾಣದ್ದನ್ನ ನಾನು ನೋಡಿ ಹೇಳೋಣ ಅಂತ ಮುಂದೆ ಕೂತೆ. ಬೈಕೊಂಡು ಹೇಳಿದ್ರೆ ನಿನಗೆ ಅನುಮಾನ ಬರಲ್ಲ ಅಂದ್ಕೊಂಡೆ. ಮದುವೆ ಆದಾಗಿನಿಂದ ಬೈತಾನೇ ಬಂದಿದೀನಲ್ಲ...”

ಸಿಸ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಆಣೆ ದೊಡ್ಡದಾ ಅತ್ತಿಗೆ, ದಾರೀಲಿ ಹೋಗೋರ ಜೀವ ದೊಡ್ಡದಾ? ಆ ಹೆಂಗಸು ಸತ್ತಿದ್ರೆ? ಅವಳ ಮನೆಯೋರಿಗೆ ಏನು ಹೇಳ್ತಿದ್ರಿ, ಸಮುದ್ರ ನೋಡಬೇಕಿತ್ತು ಅಂತಾನಾ? ಅಕ್ಕ ತಮ್ಮ ಸೇರ್ಕೊಂಡು ನನ್ನ ಮನೇಲೇ ನನ್ನನ್ನ ಹೊರಗಿನವಳು ಮಾಡಿದ್ರಲ್ಲ!”

ಅವಳು ಬೇಲಿಯ ಉದ್ದಕ್ಕೂ ದಡದಡ ನಡೆದುಹೋದಳು, ಮನಸಾರೆ ಅತ್ತಳು. ಅಳು ತೀರಿದ ಮೇಲೆ ತಿರುಗಿ ನೋಡಿದರೆ, ಎಪ್ಪತ್ತರ ಮುದುಕಿ ನೆಲದಲ್ಲಿ ಕೂತ ತಮ್ಮನ ತಲೆಯನ್ನು ಮಡಿಲಿಗೆ ಒತ್ತಿಕೊಂಡಿದ್ದಳು. ನಾಲ್ಕು ದಿನ ರೆಪ್ಪೆ ಬಡಿಯದೆ ರಸ್ತೆ ಕಾದ ಆ ಕೆಂಪು ಕಣ್ಣುಗಳು... ತಾನು ಅದನ್ನು ಬರೀ ತಲೆನೋವು ಎಂದುಕೊಂಡು ಮಾತ್ರೆ ಕೊಟ್ಟಿದ್ದಳು!

ಸಿಸ್ಟರಮ್ಮ ಅಲ್ಲೇ ನಿಂತು ತನ್ನ ಹಳೆಯ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದಳು. ಹತ್ತು ನಿಮಿಷ ಮಾತಾಡಿ, ಮುಖ ಒರೆಸಿಕೊಂಡು ಬಂದು ಕೈಚಾಚಿದಳು. “ಕೀಲಿ ಕೊಡಿ.”

“ಕೊಡ್ತೀನಿ. ವಾಪಸ್ ಹೋಗೋಣ. ನನ್ನದೇ ತಪ್ಪು” ಎಂದ ರೈಲಪ್ಪ.

“ವಾಪಸ್ ಯಾಕೆ? ಹೊತ್ತಿಗೆ ಸರಿಯಾಗಿ ಔಷಧಿ ಬಿಟ್ಟರೆ ಸಾಕು, ತಿಂಗಳಾದ ಮೇಲೆ ಕರ್ಕೊಂಡು ಬನ್ನಿ ಅಂದ್ರು ಡಾಕ್ಟರು. ಇನ್ನು ಸ್ಟಿಯರಿಂಗ್ ಮುಟ್ಟಿದರೆ ಕೈ ಮುರೀತೀನಿ, ಅದು ಬೇರೆ ಮಾತು. ಮಗಳು ಹುಟ್ಟೋಕೆ ಮುಂಚೆ ಗುಡ್ಡದ ಹಳ್ಳಿಗಳಿಗೆಲ್ಲ ಲಸಿಕೆ ವ್ಯಾನ್ ಓಡಿಸ್ತಿದ್ದವಳು ಯಾರು? ಲೈಸೆನ್ಸ್ ಇನ್ನೂ ಜೀವಂತವಾಗಿದೆ. ಗಂಡಸರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ ಅಷ್ಟೇ! ಹತ್ತಿ!”

ಅವನು ಬೆರಗಾಗಿ ಅವಳನ್ನೇ ನೋಡಿದ. ನೇರಕ್ಕೆ ನಿಂತಿದ್ದಳು, ಪೂರಾ ಕಂಡಳು.

ಅವನು ಹತ್ತಿದ. ದೊಡ್ಡಕ್ಕ ಮಾತ್ರ ಬಾಗಿಲ ಬಳಿ ನಿಂತು ಸೂಟ್‌ಕೇಸಿನ ಪಟ್ಟಿ ಬಿಗಿಯುತ್ತಿದ್ದಳು. “ಮುಂದಿನ ಊರಲ್ಲಿ ರೈಲ್ವೆ ಸ್ಟೇಷನ್ ಇದೆಯಂತೆ. ಅಲ್ಲಿ ನನ್ನ ಇಳಿಸಿಬಿಡು. ನಿನ್ನ ಮಗಳ ಮನೆಗೆ ಹೋಗ್ತೀನಿ. ನನ್ನ ಕೆಲಸ ಮುಗೀತು... ಗಂಡ ಹೆಂಡತಿ ಮಧ್ಯೆ ನಾನು ಯಾಕೆ? ಇಷ್ಟು ವರ್ಷ ಇದ್ದಿದ್ದೇ ಹೆಚ್ಚಾಯ್ತು. ನಿನಗೆ ಅಂದಿದ್ದನ್ನೆಲ್ಲ...” ಮಾತು ಮುಗಿಸಲಾಗದೆ ಒಳಗೆ ಹೋಗಿ ಮೇಜಿನ ಬಳಿ ಕೂತಳು.

ಸಿಸ್ಟರಮ್ಮ ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿ, ಗೇರು ಹಾಕಿದಳು. ಮೊದಲ ಮೈಲಿಯಲ್ಲಿ ಕೈ ಬೆವೆತಿತು. ಎರಡನೆಯದರಲ್ಲಿ ತೋಳಿಗೆ ಹಳೆಯ ಬಲ ಬಂತು. ಮೂರನೆಯದರಲ್ಲಿ ಏರು ಶುರುವಾದಾಗ, ಎಂಜಿನ್ ಹೂಂಕರಿಸಿ ಗಾಡಿ ಮೇಲೆ ಮೇಲೆ ಏರಿದಾಗ, ಅಷ್ಟೆಲ್ಲ ಅತ್ತವಳ ಬಾಯಿಂದಲೇ “ಓಹೋ!” ಎಂಬ ಉದ್ಗಾರ ಹೊರಟಿತು. ರೈಲಪ್ಪ ಮಗುವಿನ ಹಾಗೆ ಮುಖವನ್ನು ಅತ್ತಿತ್ತ ಪೂರ್ತಿ ತಿರುಗಿಸಿ ಕಣಿವೆ ನೋಡುತ್ತಿದ್ದ. ರಸ್ತೆಯ ಚಿಂತೆಯಿಲ್ಲದೆ ನೋಡಿ ಎಷ್ಟು ಕಾಲವಾಗಿತ್ತೋ!

ಬೆಟ್ಟದ ಸಂದು ತಲುಪಿದರೆ ಅಲ್ಲೊಂದು ಪುಟ್ಟ ಊರು. ದೊಡ್ಡ ಗಡಿಯಾರ, ಕೆಂಪು ಹೆಂಚು, ಸ್ಟೇಷನ್ನಿನ ಫಲಕ. ದೊಡ್ಡಕ್ಕ ಸೂಟ್‌ಕೇಸ್ ಹಿಡಿದು ಎದ್ದುನಿಂತಳು. ಗಾಡಿ ನಿಲ್ಲಲಿಲ್ಲ. ಫಲಕ ಹತ್ತಿರ ಬಂತು, ಪಕ್ಕಕ್ಕೆ ಸರಿಯಿತು, ಹಿಂದಕ್ಕೆ ಹೋಯಿತು.

“ಏ, ಏ! ಸ್ಟೇಷನ್ ಹೋಯ್ತು! ಅಷ್ಟು ದೊಡ್ಡ ಬೋರ್ಡು ಕಾಣಲಿಲ್ವಾ ನಿನಗೆ?”

“ಇಲ್ಲ ಅತ್ತಿಗೆ” ಎಂದಳು ಸಿಸ್ಟರಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. “ಯಾರೂ ಬೈದು ಹೇಳಲಿಲ್ಲ ನೋಡಿ, ಕಾಣಲೇ ಇಲ್ಲ.”

ರೈಲಪ್ಪ ಕಿಸಕ್ಕನೆ ನಕ್ಕ. ಹಿಂದೆ ಸೂಟ್‌ಕೇಸ್ ಧೊಪ್ಪೆಂದು ನೆಲಕ್ಕೆ ಬಿತ್ತು. ದೊಡ್ಡಕ್ಕ ಮೂಗೊರೆಸಿಕೊಂಡ ಸದ್ದು ಕೇಳಿತು. ಇಳಿಜಾರಿನ ಮೊದಲ ತಿರುವು ಬರುತ್ತಿತ್ತು.

“ಸೆಕೆಂಡ್ ಗೇರಿಗೆ ಹಾಕೇ, ಇಳಿಜಾರು!” ಎಂದು ಹಿಂದಿನಿಂದ ದನಿ ಬಂತು. “ಗಾಡಿ ಓಡಿಸ್ತಾಳಂತೆ ಗಾಡಿ!”

“ಹಾಕಿದೆ ಅತ್ತಿಗೆ!” ಎಂದು ಸಿಸ್ಟರಮ್ಮ ಗಟ್ಟಿಯಾಗಿ ನಗುತ್ತಾ ಕೂಗಿದಳು. ಸಮುದ್ರಕ್ಕೆ ಇನ್ನೂ ನೂರ ಎಂಬತ್ತು ಕಿಲೋಮೀಟರ್ ಇತ್ತು. ಕಿಟಕಿಯಿಂದ ಬಂದ ಗಾಳಿ ಆಗಲೇ ಬೇರೆಯಾಗಿತ್ತು.