ಪಡಸಾಲೆಯ ಏಳನೆಯ ಮತ

ಶನಿವಾರ ಸಂಜೆ ಆರಕ್ಕೆ ಮತದಾನ ಮುಗಿಯಿತು. ಪರ ನಾಲ್ಕು, ವಿರೋಧ ಎರಡು, ಹಾಕದವರು ಒಬ್ಬರು.

ಆರೂ ಮುಕ್ಕಾಲಿಗೆ ಕಂಪ್ಯೂಟರಿನ ಪರದೆಯಲ್ಲಿ ರಕ್ಷಿತಾ ಈ ಸಾಲು ಓದಿದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳ ಹೆಸರು ಕಾರ್ಖಾನೆಯ ವಕೀಲರ ಕೈ ಸೇರಲಿತ್ತು. ಹನ್ನೊಂದರ ಹೊತ್ತಿಗೆ ಅವಳ ಕೆಲಸ ಹೋಗಲಿತ್ತು.

ಅದು ೧೯೯೬. 'ಪೀಣ್ಯ ಪಡಸಾಲೆ' ಎಂಬುದು ಫೋನಿನ ಮೂಲಕ ಕಂಪ್ಯೂಟರುಗಳು ಸೇರುತ್ತಿದ್ದ ಚರ್ಚಾಕೂಟ. ಟಿ. ದಾಸರಹಳ್ಳಿಯಲ್ಲಿ ನಿವೃತ್ತ ಫೋರ್‌ಮನ್ ಸುಬ್ರಹ್ಮಣ್ಯರ ಮನೆಯ ಹಾಲಿನಲ್ಲಿದ್ದ ಒಂದು ಕಂಪ್ಯೂಟರು, ಒಂದು ಮೋಡೆಮ್ಮು, ಒಂದೇ ಫೋನ್ ಲೈನು, ಇಷ್ಟೇ ಅದರ ಆಸ್ತಿ. ಒಬ್ಬರು ಒಳಗಿದ್ದರೆ ಉಳಿದವರು ಕಾಯಬೇಕು. ಸದಸ್ಯರು ಇನ್ನೂರು, ಆಡಳಿತ ಮಂಡಲಿಯವರು ಏಳು.

ರಕ್ಷಿತಾ ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪೊಂದರಲ್ಲಿ ತಪಾಸಣೆ ಮಾಡುವವಳು. ಕೆಲಸ ಬೇಗ ಸಾಗಲೆಂದು ಯಂತ್ರಗಳ ರಕ್ಷಣಾ ಜಾಲರಿ ತೆಗೆಸಿದ್ದನ್ನೂ, ಇಬ್ಬರ ಬೆರಳು ಹೋದದ್ದನ್ನೂ ಪಡಸಾಲೆಯಲ್ಲಿ ಗುಪ್ತನಾಮದಲ್ಲಿ ಬರೆದಿದ್ದಳು. ಆ ಕಾರ್ಖಾನೆಯವರು, ಬರೆದವರ ಹೆಸರು ಕೊಡಿ ಎಂದು ಕೇಳಿದರು. ಮಂಡಲಿಯಲ್ಲಿ ಅದು ಗೊತ್ತಿದ್ದದ್ದು ಸುಬ್ರಹ್ಮಣ್ಯರೊಬ್ಬರಿಗೇ. ಉಳಿದ ವಿಷಯಗಳಿಗೆ ಸರಳ ಬಹುಮತ ಸಾಕು. ಗುಪ್ತನಾಮ ಬಿಚ್ಚಲು ಮಾತ್ರ, ಬಿದ್ದ ಮತಗಳಲ್ಲಿ ಮೂರನೇ ಎರಡು ಭಾಗ ಬೇಕು ಎಂದು ನಿಯಮವಿತ್ತು. ಆರರಲ್ಲಿ ನಾಲ್ಕು ಎಂದರೆ ಸರಿಯಾಗಿ ಅಷ್ಟೇ.

ಅವಳು ಬಾಡಿಗೆಗಿದ್ದದ್ದು ಶಿವಲಿಂಗಮ್ಮನವರ ಮನೆಯಲ್ಲಿ. ಅವರು ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಇದ್ದು, ನಿವೃತ್ತರಾಗಿ ಬಂದವರು. ಬಡಾವಣೆಯ ಮೂರು ಕಳ್ಳತನಗಳನ್ನು ಅವರು ಪೊಲೀಸರಿಗಿಂತ ಮುಂಚೆ ಪತ್ತೆ ಮಾಡಿದ್ದರು. ಮೂರಕ್ಕೂ ಟಿಪ್ಪಣಿ ಬರೆದುಕೊಂಡವಳು ರಕ್ಷಿತಾ. ಈ ಸಲ ಬರೆದವಳು ತಾನೇ ಎಂದು ಹೇಳಿ, ಅವಳು ಅವರಿಗೆ ಮತದ ಲೆಕ್ಕ ತೋರಿಸಿದಳು.

ಮತ ಹಾಕದವನು ಕಾಡುಗೋಡಿಯ ವಿಶ್ರುತ್. ಹೆಸರು ಕೊಡಬಾರದೆಂದು ವಾರವಿಡೀ ವಾದಿಸಿದ್ದವನು ಅವನೇ. ಊರಲ್ಲಿಲ್ಲ, ಶನಿವಾರ ಸಂಜೆ ಮನೆಗೆ ಬಂದು ಮತ ಹಾಕುತ್ತೇನೆ ಎಂದು ಎಲ್ಲರಿಗೂ ಕಾಣುವಂತೆ ಬರೆದಿದ್ದ. ಶಿವಲಿಂಗಮ್ಮ ಅವನಿಗೆ ಫೋನ್ ಮಾಡಿದರು. ಐದೂ ಕಾಲಿನಿಂದ ಆರರವರೆಗೆ ನಲವತ್ತು ಸಲ ಪ್ರಯತ್ನಿಸಿದನಂತೆ.

"ಯಾವ ಸದ್ದು ಬರ್ತಿತ್ತಪ್ಪಾ?"

"ಎಂಗೇಜ್ ಟೋನ್ ಮೇಡಂ. ಒಂದ್ಸಲಾನೂ ಬಿಡ್ಲಿಲ್ಲ."

ಆಮೇಲೆ ಸುಬ್ರಹ್ಮಣ್ಯರಿಗೆ ಫೋನು. ಯಾರು ಯಾವಾಗ ಒಳಗೆ ಬಂದರೆಂದು ಅವರ ಕಂಪ್ಯೂಟರು ಬರೆದಿಡುತ್ತಿತ್ತು. ಐದು ಗಂಟೆ ನಾಲ್ಕು ನಿಮಿಷದಿಂದ ಆರೂ ಮೂವತ್ತಮೂರರವರೆಗೆ ಒಂದೂ ಕರೆ ಬಂದಿರಲಿಲ್ಲ. ವಿಶ್ರುತ್ ಇನ್ನೂ ಊರು ಸೇರಿಲ್ಲವೆಂದುಕೊಂಡು ತಾವು ಸುಮ್ಮನಿದ್ದುದಾಗಿ ಹೇಳಿದರು.

ಶಿವಲಿಂಗಮ್ಮ ಫೋನಿಟ್ಟು ರಕ್ಷಿತಾಳ ಕಡೆ ತಿರುಗಿದರು. "ನಾಳೆ ಮುಂಜಾನೆ ಹತ್ತಕ್ಕ ಏಳೂ ಮಂದಿ ಅವರ ಮನ್ಯಾಗ ಕೂಡಲಿ ಅಂತ ಹೇಳೀನಿ. ನೀನೂ ಬಾ, ಬಾಯಿ ಬಿಡಬ್ಯಾಡ" ಎಂದರು.

ಭಾನುವಾರ ರಕ್ಷಿತಾ ಹಾಲಿನ ಮೂಲೆಯಲ್ಲಿ ಕುಳಿತಳು. ಅವಳನ್ನು ಶಿವಲಿಂಗಮ್ಮನವರ ಜೊತೆಗಾರ್ತಿ ಎಂದಷ್ಟೇ ಸುಬ್ರಹ್ಮಣ್ಯರನ್ನು ಬಿಟ್ಟು ಉಳಿದ ಮಂಡಲಿಯವರು ತಿಳಿದಿದ್ದರು. ನಿನ್ನೆ ಸಂಜೆ ಯಾರು ಎಲ್ಲಿದ್ದಿರಿ ಎಂದು ಶಿವಲಿಂಗಮ್ಮ ಒಬ್ಬೊಬ್ಬರನ್ನೇ ಕೇಳಿದರು.

ಅಧ್ಯಕ್ಷ ವೆಂಕಟರಮಣಪ್ಪ ಹೆಸರು ಕೊಡಲೇಬೇಕೆಂದು ಹಟ ಹಿಡಿದಿದ್ದವರು. ಐದೂವರೆಗೆ ಬಂದು ಇಲ್ಲೇ ಹಾಲ್‌ನಲ್ಲಿ ಕೂತು ಕಾಫಿ ಕುಡಿದೆ ಎಂದರು. ವಿರೋಧ ಮತ ಹಾಕಿದ್ದ ಸುಬ್ರಹ್ಮಣ್ಯ ಐದರಿಂದಲೂ ಹಾಲಿನಲ್ಲೇ ಇದ್ದರು. ಪರ ಮತ ಹಾಕಿದ್ದ ಇನ್ನಿಬ್ಬರೂ, ವಿರೋಧಿಸಿದ್ದ ಸ್ಫೂರ್ತಿಯೂ ಆ ದಿನ ಈ ಕಡೆ ಸುಳಿದಿರಲಿಲ್ಲ. ಪರ ಮತ ಹಾಕಿದ್ದ ನಾಲ್ಕನೆಯವನು, ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದ ಗುರುರಾಜ್, ಐದಕ್ಕೆ ಫ್ಲಾಪಿ ಡಬ್ಬಿ ಹಿಂದಿರುಗಿಸಲು ಬಂದು, ಅದನ್ನು ಮಹಡಿಯ ಕೋಣೆಯಲ್ಲಿಟ್ಟು, ಹತ್ತೇ ನಿಮಿಷದಲ್ಲಿ ಹೊರಟಿದ್ದನಂತೆ.

"ಮನೆಗೆ ಹೋಗಿ, ಓಟಿನ ಲೆಕ್ಕ ನೋಡೋಣ ಅಂತ ಐದೂವರೆಗೆ ಡಯಲ್ ಮಾಡ್ದೆ ಮೇಡಂ. ರಿಂಗ್ ಆಗ್ತಾನೇ ಇತ್ತು, ಯಾರೂ ಎತ್ಲಿಲ್ಲ. ಇಲ್ಲಿ ಕರೆಂಟ್ ಹೋಗಿರ್ಬೇಕು ಅಂದ್ಕೊಂಡೆ. ನಮ್ ಏರಿಯಾ ಗೊತ್ತಲ್ಲ."

ಶಿವಲಿಂಗಮ್ಮ ಸುಬ್ರಹ್ಮಣ್ಯರ ಹೆಂಡತಿ ವಾಸಂತಿಯವರ ಕಡೆ ತಿರುಗಿದರು. "ಮಹಡಿ ಮ್ಯಾಗ ಇನ್ನೊಂದು ಫೋನ್ ಐತಲ್ಲವಾ, ಇದೇ ಲೈನಿಂದು? ನಿನ್ನೆ ಆರೂವರೆಗೆ ಅದು ಹೆಂಗಿತ್ತು?"

ವಾಸಂತಿ ಗಂಡನ ಮುಖ ನೋಡಿದರು.

"ರಿಸೀವರ್ ಕೆಳಗಿತ್ತು. ಮೇಲೆ ದಿಂಬು ಒತ್ತಿಟ್ಟಿದ್ರು. ನಾನೇ ಎತ್ತಿಟ್ಟೆ." ಅವರ ದನಿ ತಗ್ಗಿತು. "ಲಾಯರ್ ನೋಟಿಸ್ ಬಂದಾಗಿಂದ ಇವ್ರು ಸರಿಯಾಗಿ ನಿದ್ದೆ ಮಾಡಿಲ್ಲ. ಇವ್ರೇ ಹೆದ್ರಿ ಮಾಡಿದಾರೇನೋ ಅಂತ ಸುಮ್ನಿದ್ದೆ."

"ಅವರಲ್ಲ" ಎಂದು ಶಿವಲಿಂಗಮ್ಮ ಮೊದಲಿನಿಂದ ಬಿಡಿಸಿ ಹೇಳಿದರು. ಏಳೂ ಮತ ಬಿದ್ದಿದ್ದರೆ ಪರ ನಾಲ್ಕು, ವಿರೋಧ ಮೂರು ಆಗುತ್ತಿತ್ತು. ಬಹುಮತವೇನೋ ಹೌದು, ಆದರೆ ಏಳರಲ್ಲಿ ಮೂರನೇ ಎರಡು ಭಾಗಕ್ಕೆ ಐದು ಬೇಕು. ಐದನೆಯ ಮತವನ್ನು ಹುಟ್ಟಿಸಬೇಕಾಗಿರಲಿಲ್ಲ. ವಿರೋಧದ ಒಂದು ಮತ ಒಳಬರದಂತೆ ತಡೆದರೆ ಸಾಕಿತ್ತು. ಲೈನು ಎಂಗೇಜ್, ಆದರೆ ಒಳಗೆ ಯಾರೂ ಇಲ್ಲ. ಅಂದರೆ ಇದೇ ಮನೆಯ ಇನ್ನೊಂದು ಫೋನಿನ ರಿಸೀವರ್ ಯಾರೋ ಕೆಳಗಿಟ್ಟಿದ್ದಾರೆ. ಹಾಗೆ ಬಿಟ್ಟರೆ ಎಕ್ಸ್‌ಚೇಂಜಿನಿಂದ ಊಳಿಡುವ ಸದ್ದು ಬರುತ್ತದೆ, ದಿಂಬು ಅದಕ್ಕೆ. ಕೈತಪ್ಪಿ ಆದದ್ದಲ್ಲ. ವೆಂಕಟರಮಣಪ್ಪ ಬರುವ ಮೊದಲೇ ವಿಶ್ರುತನಿಗೆ ಎಂಗೇಜ್ ಸಿಕ್ಕಿತ್ತು. ಉಳಿದವರು ಮನೆಯವರಿಬ್ಬರು ಮತ್ತು ಗುರುರಾಜ್.

"ಮನ್ಯಾವರು ಮಾಡಿದ್ರ ಗುರುರಾಜಗೂ ಎಂಗೇಜೇ ಕೇಳಿಸಬೇಕಿತ್ತು. ಕರೆಂಟ್ ಹೋದ್ರ ರಿಂಗ್ ಆಗ್ತೈತಿ, ಖರೆ. ರಿಸೀವರ್ ಕೆಳಗಿದ್ದ ಲೈನು ರಿಂಗ್ ಆಗಂಗಿಲ್ಲ. ನೀ ಡಯಲ್ ಮಾಡೇ ಇಲ್ಲಪ್ಪಾ. ತಪ್ಪು ಕರೆಂಟಿನ ಮ್ಯಾಗ ಹಾಕಾಕ ಹೊಂಟಿದ್ದಿ."

ಗುರುರಾಜ್ ಕನ್ನಡಕ ತೆಗೆದು ಒರೆಸತೊಡಗಿದ.

"ಹೆಸರು ಸಿಗದಿದ್ರೆ ನಿಮ್ ವರ್ಕ್‌ಶಾಪಿಗೂ ಇನ್ನು ಕೆಲಸ ಕೊಡಲ್ಲ ಅಂದ್ಬಿಟ್ರು ಆ ಕಾರ್ಖಾನೆಯೋರು. ನನ್ ಹತ್ರ ಹನ್ನೆರಡು ಜನ ಇದಾರೆ ಮೇಡಂ. ಬರೆದೋರು ಯಾರೋ ಒಬ್ರು."

ರಕ್ಷಿತಾ ನೆಲ ನೋಡಿದಳು.

ಗುರುರಾಜನ ಮತವನ್ನು ಹೊಡೆದುಹಾಕೋಣ ಎಂದು ವಿಶ್ರುತ್ ಹೇಳಿದ. ವೆಂಕಟರಮಣಪ್ಪ ಒಪ್ಪಲಿಲ್ಲ. ಸದಸ್ಯನ ಮೇಲೆ ಕ್ರಮಕ್ಕೆ ಹದಿನೈದು ದಿನದ ನೋಟಿಸು ಬೇಕು. ಅಲ್ಲಿಯವರೆಗೆ ಅವನ ಮತ ಮತವೇ.

"ನನ್ ಓಟು ಈಗ್ಲೂ ಕೊಡ್ಬೇಕು ಅಂತಾನೇ" ಎಂದರು ಅವರು. "ಆದ್ರೆ ಬಾಗಿಲಲ್ಲಿ ನಿಂತಿದ್ದೋನ್ನ ಬಿಟ್ಟು ಎಣಿಸೋಕೆ ನಾನು ಅಧ್ಯಕ್ಷ ಆಗಿಲ್ಲ. ಕೂತ್ಕೊಳಪ್ಪ ವಿಶ್ರುತ್, ಹಾಕು."

ಹನ್ನೊಂದೂ ಇಪ್ಪತ್ತಕ್ಕೆ ವಿಶ್ರುತ್ ಕೀಲಿಮಣೆಯ ಮುಂದೆ ಕುಳಿತು ಮತ ಹಾಕಿದ. ಪರ ನಾಲ್ಕು, ವಿರೋಧ ಮೂರು. ಹೆಸರು ಕೊಡಬೇಕೆಂದವರೇ ಈಗಲೂ ಹೆಚ್ಚಿದ್ದರು. ನಿರ್ಣಯ ಬಿದ್ದುಹೋಯಿತು.

ಸೋಮವಾರ ಹತ್ತು ಗಂಟೆಗೆ ವಕೀಲರು ಬಂದಾಗ, ಹೆಸರು ಕೊಡಲಾಗದು ಎಂಬ ಒಂದು ಸಾಲಿನ ಪತ್ರವನ್ನು ಸುಬ್ರಹ್ಮಣ್ಯ ವಕೀಲರ ಕೈಗಿತ್ತರು. ಹನ್ನೊಂದಕ್ಕೆ ಪ್ರೆಸ್ ಶಾಪಿನ ಮೇಲ್ವಿಚಾರಕ ರಕ್ಷಿತಾಳ ಮೇಜಿನ ಬಳಿ ಬಂದು ನಿಂತ. ಅಳತೆಯ ಗೇಜು ಕೇಳಿ ತೆಗೆದುಕೊಂಡು ಹೋದ.